ಏಳು ಹೊಲಿಗೆ

ಒಂದೇ ಒಲೆಯ ಮುಂದೆ ನಿಂತು ಅಡುಗೆ ಮಾಡುವ ಇಬ್ಬರು ಸೊಸೆಯಂದಿರು ಮಾತು ಬಿಟ್ಟು ಹತ್ತೊಂಬತ್ತು ದಿನವಾಗಿತ್ತು. ಕಾರಣ ಒಂದು ಕಿಟಕಿ.

ಮನೆಯಲ್ಲಿದ್ದದ್ದು ಮೂರೇ ಕೋಣೆ. ಬೀದಿಯ ಬೆಳಕು ನೇರವಾಗಿ ಬೀಳುವ ಕಿಟಕಿ ಮುಂದಿನ ಕೋಣೆಯದ್ದೊಂದೇ. ಅದರ ಕೆಳಗೆ ಹಿರಿ ಸೊಸೆಯ ಹೊಲಿಗೆ ಮೆಷಿನ್ನು. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮಕ್ಕಳ ಸಮವಸ್ತ್ರದಿಂದ ಹಿಡಿದು ದಿಂಬಿನ ಚೀಲದವರೆಗೆ ಅವರ ಬಟ್ಟೆಯೆಲ್ಲ ಆ ಬೆಳಕಿನಲ್ಲೇ ಹೊಲಿಸಿಕೊಂಡು ಹೋಗುತ್ತಿತ್ತು. ಏಳು ತಿಂಗಳ ಬಸುರಿಯಾದ ಕಿರಿ ಸೊಸೆ ಒಂದು ದಿನ, "ಮಗು ಬಂದ್ಮೇಲೆ ತೊಟ್ಟಿಲು ಈ ಕಿಟಕಿ ಹತ್ರ ಇಟ್ರೆ ಒಳ್ಳೇ ಗಾಳಿ ಬರುತ್ತೆ" ಎಂದಳು. "ಹಾಗಾದ್ರೆ ನಾನು ಅಟ್ಟ ಹತ್ತಿ ಹೊಲೀಲಾ?" ಎಂದಳು ಟೈಲರಮ್ಮ. ಅಲ್ಲಿಗೆ ದಾರ ಕಿತ್ತುಹೋಯಿತು.

ಅಂದಿನಿಂದ ಇಬ್ಬರ ನಡುವಿನ ಮಾತೆಲ್ಲ ಟೈಲರಮ್ಮನ ಮೂರು ವರ್ಷದ ಮಗಳು ಪುಟ್ಟಿಯ ಮೂಲಕ ನಡೆಯತೊಡಗಿತು.

"ಪುಟ್ಟೀ, ನಿನ್ನ ಚಿಕ್ಕಮ್ಮನಿಗೆ ಹೇಳು, ಬೇಳೆ ಬೆಂದಿದೆ ಅಂತ."

"ಪುಟ್ಟೀ, ನಿಮ್ಮಮ್ಮನಿಗೆ ಹೇಳು, ನಂಗೂ ಕಣ್ಣಿದೆ ಅಂತ."

ಪುಟ್ಟಿ ಎರಡು ಸಲ ಅತ್ತಿಂದಿತ್ತ ಓಡಿ, ಕೊನೆಗೆ ಜಗಲಿಯಲ್ಲಿ ಕೂತಿದ್ದ ಅಜ್ಜನ ಹತ್ತಿರ ಹೋಗಿ, "ತಾತಾ, ಬೇಳೆಗೆ ಕಣ್ಣಿದೆಯಂತೆ!" ಎಂದು ಸುದ್ದಿ ಮುಟ್ಟಿಸಿತು.

"ಇರುತ್ತೆ ಕಣಮ್ಮ. ಈ ಮನೇಲಿ ಬೇಳೆಗೆ ಕಣ್ಣಿದೆ, ಸೌಟಿಗೆ ಬಾಯಿದೆ, ನಿಮ್ಮ ತಾತನಿಗೆ ಮಾತ್ರ ಏನೂ ಇಲ್ಲ" ಎಂದರು ಅಜ್ಜ. ಮೂವತ್ತೈದು ವರ್ಷ ಲಾರಿ ಓಡಿಸಿ ಈಗ ಮನೆಯಲ್ಲಿದ್ದರು. ಹಿಂದಿನ ಗಾಡಿ ಎಷ್ಟೇ ಹಾರ್ನ್ ಹೊಡೆದರೂ ತಮ್ಮ ದಾರಿ ಬಿಡದ ಅಭ್ಯಾಸ ಅವರಿಗೆ ಇನ್ನೂ ಹೋಗಿರಲಿಲ್ಲ.

ಸೌಟು ಎಂದರೆ ಅತ್ತೆ. ಹತ್ತಿರದ ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಬಡಿಸುವ ಹೆಂಗಸು. ಮನೆಗೆ ಬಂದ ಮೇಲೂ ಇನ್ನೂರು ಜನರಿಗೆ ಕೇಳುವಷ್ಟೇ ಗಟ್ಟಿಯಾಗಿ ಮಾತಾಡುತ್ತಿದ್ದಳು. ಹಿರಿಯ ಮಗ ದೂರದ ಬಂದರಿನಲ್ಲಿ ವೆಲ್ಡರ್, ಆರು ತಿಂಗಳಿಗೊಮ್ಮೆ ಬರುತ್ತಿದ್ದ. ಕಿರಿಯವನು ಬಸ್ ಕಂಡಕ್ಟರ್. ಅವನ ಹೆಂಡತಿಗೆ ಮಾವ ಇಟ್ಟಿದ್ದ ಹೆಸರು 'ಪ್ರಶ್ನೆಪತ್ರಿಕೆ'. ಬಂದ ಮೊದಲ ದಿನವೇ ಗಡಿಯಾರ ಯಾಕೆ ಹತ್ತು ನಿಮಿಷ ಮುಂದಿದೆ, ಹಿತ್ತಲ ಬಾಗಿಲಿಗೆ ಎರಡು ಚಿಲಕ ಯಾಕೆ ಎಂದೆಲ್ಲ ಕೇಳಿ ಮನೆಯವರ ಬಾಯಿ ಕಟ್ಟಿಹಾಕಿದ್ದಳು.

ಇಪ್ಪತ್ತನೆಯ ದಿನ ಬುಧವಾರ. ತಪಾಸಣೆಗೆ ಹೋಗಿ ಬಂದಿದ್ದ ಪ್ರಶ್ನೆಪತ್ರಿಕೆ ರಾತ್ರಿ ಊಟದ ಹೊತ್ತಿಗೆ ಬಂದು ಕೂತಳು.

"ಆಸ್ಪತ್ರೆಯಲ್ಲಿ ಹೊಸ ನಿಯಮ ಬಂದಿದೆ. ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬ ಹೆಂಗಸನ್ನ ಬಿಡ್ತಾರಂತೆ. ಯಾರು ಅನ್ನೋದನ್ನ ಬಸುರೀನೇ ಹೇಳ್ಬೇಕಂತೆ. ಮುಂದಿನ ಬುಧವಾರ ಹೆಸರು ಬರೆಸ್ಬೇಕು."

"ಅದರಲ್ಲಿ ಹೇಳೋದೇನಿದೆ?" ಅತ್ತೆ ರೊಟ್ಟಿ ಮುರಿಯುತ್ತ ಅಂದಳು. "ಶಾಲೆಗೊಂದು ರಜಾ ಚೀಟಿ ಕೊಟ್ರೆ ಆಯ್ತು. ಬಿಸಿನೀರಿನ ಫ್ಲಾಸ್ಕ್ ನಾಳೇನೇ ತೊಳೆದಿಡ್ತೀನಿ."

"ಅಮ್ಮ ಒಳಗೆ ಹೋದ್ರೆ ಡಾಕ್ಟರೇ ಹೊರಗೆ ಬಂದ್ಬಿಡ್ತಾರೆ" ಎಂದ ಕಂಡಕ್ಟರ್.

"ಅತ್ತೆ ಅಲ್ಲ" ಎಂದಳು ಪ್ರಶ್ನೆಪತ್ರಿಕೆ. "ಅಕ್ಕ ಬರ್ಲಿ."

ಈ ಮಾತನ್ನು ಅವಳು ಪುಟ್ಟಿಯ ಕೈಲಿ ಕಳಿಸಲಿಲ್ಲ. ನೇರವಾಗಿ ಟೈಲರಮ್ಮನ ಮುಖ ನೋಡಿಯೇ ಹೇಳಿದಳು. ಟೈಲರಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು.

"ನಾನು ಬರಲ್ಲ" ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ನಲ್ಲಿ ತಿರುಗಿಸಿ, ಖಾಲಿಯಾಗದ ತಟ್ಟೆಯನ್ನೇ ತೊಳೆಯುತ್ತ ನಿಂತಳು. ಒಳಗಿನಿಂದ ಅತ್ತೆಯ ದನಿ ಕೇಳುತ್ತಲೇ ಇತ್ತು. "ನೋಡಿದ್ಯಾ? ಕಿಟಕಿ ಜಗಳನ ಹೆರಿಗೆ ಕೋಣೆವರೆಗೂ ಹೊತ್ಕೊಂಡು ಹೋಗ್ತಾಳಂತೆ! ನೀನೂ ಸರಿ, ಇದ್ದ ಅತ್ತೇನ ಬಿಟ್ಟು ಮಾತಾಡದೋಳನ್ನ ಕರೀತೀಯ."

ಮುಂದಿನ ನಾಲ್ಕು ದಿನ ಅತ್ತೆ ಅಡುಗೆಗೆ ಉಪ್ಪನ್ನೇ ಹಾಕಲಿಲ್ಲ. ಕೇಳಿದರೆ, "ಹಾಕೋಕೆ ನಾನ್ಯಾರು? ಯಾರಿಗೆ ಯಾರು ಬೇಕೋ ಅವರೇ ಹಾಕ್ಲಿ" ಎನ್ನುತ್ತಿದ್ದಳು. ಮಾವ ಮಾತ್ರ ಅಂಗಿಯ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ಊಟಕ್ಕೆ ಕೂರುತ್ತಿದ್ದರು.

ಐದನೆಯ ದಿನ ಅತ್ತೆ ಶಾಲೆಗೆ ಹೋದ ಮೇಲೆ, ಟೈಲರಮ್ಮ ಮೆಷಿನ್ನಿನ ಮುಂದೆ ನಿಂತು ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದಳು. ಪ್ರಶ್ನೆಪತ್ರಿಕೆ ಬಂದು ಎದುರಿನ ಸ್ಟೂಲಿನ ಮೇಲೆ ಹೊಟ್ಟೆ ಹಿಡಿದು ಕೂತಳು.

"ಅಕ್ಕ, ಕಿಟಕಿ ನೀವೇ ಇಟ್ಕೊಳ್ಳಿ."

"ಕಿಟಕಿ ವಿಷಯ ಅಲ್ಲ ಅದು."

"ನಂಗೂ ಗೊತ್ತು. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಟೈಲರಮ್ಮ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದಳು. "ಅತ್ತೆಗೆ ಬಾಯಿದೆ, ಧೈರ್ಯ ಇದೆ. ನನ್ನನ್ನೇ ಯಾಕೆ?"

"ಆಸ್ಪತ್ರೆ ಮಾತು ಬಂದಾಗೆಲ್ಲ ಅತ್ತೆ 'ಹಿರಿಯವಳನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರು' ಅಂತಾರೆ. ನೀವೂ 'ಹೂಂ' ಅಂತೀರ. ಹೂಂ ಅಂದು ಎದ್ದು ಹೋಗ್ತೀರ. ಪ್ರತಿ ಸಲ. ಎಂಟು ಸಲ ನೋಡಿದೀನಿ." ಪ್ರಶ್ನೆಪತ್ರಿಕೆ ದನಿ ತಗ್ಗಿಸಿದಳು. "ಒಳಗೆ ಏನಾಗುತ್ತೆ ಅಕ್ಕ?"

"ಮಗು ಆಗುತ್ತೆ."

"ಅದು ಗೊತ್ತು."

"ಗೊತ್ತಿದ್ರೆ ಸಾಕು. ಏಳು, ಬೆಳಕಿಗೆ ಅಡ್ಡ ಕೂತಿದೀಯ."

ಪ್ರಶ್ನೆಪತ್ರಿಕೆ ಎದ್ದಳು. ಬಾಗಿಲಲ್ಲಿ ನಿಂತು, "ನೀವು ಹೇಳದೇ ಇದ್ರೆ ನಂಗೆ ಇನ್ನೂ ಭಯ ಆಗುತ್ತೆ" ಅಂದಳು. ಅವಳು ಹೋದ ಮೇಲೆ ನೋಡಿದರೆ ಗುಂಡಿ ತಲೆಕೆಳಗಾಗಿ ಕೂತಿತ್ತು. ಟೈಲರಮ್ಮ ಅದನ್ನು ಬಿಚ್ಚಿ ಮತ್ತೆ ಹಾಕಿದಳು.

ಮಂಗಳವಾರ ಸಂಜೆ, ಹೆಸರು ಬರೆಸುವ ಹಿಂದಿನ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ ಪ್ರಶ್ನೆಪತ್ರಿಕೆ ಇನ್ನೊಂದು ಬಾಂಬು ಹಾಕಿದಳು.

"ನಾನು ಆಸ್ಪತ್ರೆಗೇ ಹೋಗಲ್ಲ. ತಿರುವಿನ ಮನೆ ಸೂಲಗಿತ್ತಿ ಅಜ್ಜೀನ ಮಾತಾಡ್ಸಿ ಬಂದಿದೀನಿ. ಮನೇಲೇ ಆಗ್ಲಿ."

ಕಂಡಕ್ಟರ್ ನೀರು ಕುಡಿಯುತ್ತಿದ್ದವನು ಕೆಮ್ಮಿಬಿಟ್ಟ. "ತಲೆ ಕೆಟ್ಟಿದೆಯಾ? ನಿನ್ನ ಚೀಟೀಲಿ ರಕ್ತ ಕಡಿಮೆ ಅಂತ ಕೆಂಪು ಗೆರೆ ಎಳೆದಿದಾರೆ. ಆ ಅಜ್ಜಿಗೆ ಎದುರಿಗೆ ಬಂದ ಬಸ್ಸೇ ಕಾಣ್ಸಲ್ಲ!"

"ಅತ್ತೆ ಮನೇಲೇ ಹೆತ್ತಿಲ್ವಾ?"

"ಹೆತ್ತೆ" ಎಂದಳು ಅತ್ತೆ. ಅವಳ ದನಿ ಒಮ್ಮೆಲೇ ಇನ್ನೂರು ಜನರಿಂದ ಇಬ್ಬರಿಗೆ ಇಳಿಯಿತು. "ಮೂವರನ್ನ ಹೆತ್ತೆ. ಇರೋದು ಇಬ್ರು. ಲೆಕ್ಕ ಗೊತ್ತಾಯ್ತಾ? ಸುಮ್ನೆ ಆಸ್ಪತ್ರೆಗೆ ನಡಿ. ಅಲ್ಲಿ ಏನು ಕಮ್ಮಿ? ಬೇಕಿದ್ರೆ ಹಿರಿಯವಳನ್ನೇ ಕೇಳು. ಏನೇ, ಹೇಳೇ ಅವಳಿಗೆ, ನಿನ್ನನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರು ಅಂತ."

ಎಲ್ಲರ ಕಣ್ಣೂ ಟೈಲರಮ್ಮನ ಮೇಲೆ ಬಿದ್ದವು. ಎದ್ದು ಹೋಗಲು ಅವಳು ಒಂದು ಕೈ ನೆಲಕ್ಕೂರಿದಳು. ಎದುರಿಗೆ ಪ್ರಶ್ನೆಪತ್ರಿಕೆ ಒಂಬತ್ತನೆಯ ಸಲ ಲೆಕ್ಕ ಹಾಕಲು ಕಾದವಳಂತೆ ನೋಡುತ್ತಿದ್ದಳು. ಟೈಲರಮ್ಮ ಊರಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಚೆನ್ನಾಗಿ ನೋಡ್ಕೊಳ್ಳಲಿಲ್ಲ" ಎಂದಳು.

"ಏನು?"

"ಮಧ್ಯಾಹ್ನದಿಂದ ಸಂಜೆವರೆಗೆ ಒಬ್ಳೇ ಮಲಗಿದ್ದೆ ಅತ್ತೆ. ಮೂರು ಸಲ ನೀರು ಕೇಳ್ದೆ. 'ಇದೇನು ಹೋಟ್ಲಾ' ಅಂದ್ರು. ಕೂಗಿದ್ದಕ್ಕೆ ತೊಡೆ ಮೇಲೆ ಒಂದೇಟು ಬಿತ್ತು. ಆಮೇಲೆ ಹೊಲಿಗೆ ಹಾಕಿದ್ರು, ಮರಗಟ್ಟಿಸದೆ. ಏಳು ಹೊಲಿಗೆ. ಎಣಿಸ್ದೆ. ಎಣಿಸೋದು ನಂಗೆ ರೂಢಿ ತಾನೆ? ಇವತ್ತಿಗೂ ಒಂದು ಗಂಟೆ ಕೂತ್ರೆ ಎದ್ದು ನಿಲ್ಲಬೇಕು. ನೀವು ಸೊಂಟನೋವು ಅಂದ್ಕೊಂಡು ಎಣ್ಣೆ ಕಾಯ್ಸಿ ಕೊಡ್ತೀರ. ಅದು ಸೊಂಟ ಅಲ್ಲ."

ಮಾವ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಕಂಡಕ್ಟರನ ಕಿವಿ ಕೆಂಪಾಗಿತ್ತು. ಗಂಡಸರ ಮುಂದೆ ಇಂಥ ಮಾತು ಆ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಆದರೆ ಅವರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.

"ಮೂರು ವರ್ಷ!" ಅತ್ತೆಯ ಮುಖ ಕೆಂಡವಾಯಿತು. "ಹೊರಗೆ ಫ್ಲಾಸ್ಕ್ ಹಿಡ್ಕೊಂಡು ನಾನು ನಿಂತೇ ಇದ್ದೆ. ಒಳಗೆ ಬಂದು ಕೇಳ್ದೆ ತಾನೆ? ನೀನೇ ಚೆನ್ನಾಗಿತ್ತು ಅಂದೆ! ಆರೈಕೆ ಹೇಗಿತ್ತು ಅಂತ ಬರ್ಕೊಳ್ಳೋಕೆ ಪಟ್ಟಿ ಹಿಡ್ಕೊಂಡು ಬಂದ ಆಸ್ಪತ್ರೆ ಹುಡುಗಿಗೂ ಹಾಗೇ ಅಂದೆ!"

"ಹಾಸಿಗೆ ಒಂದು ಕಡೆ ಆ ಹುಡುಗಿ, ಇನ್ನೊಂದು ಕಡೆ ನಂಗೆ ಹೊಡೆದ ಸಿಸ್ಟರು, ಕಾಲ ಹತ್ರ ನೀವು. 'ಎಲ್ಲ ಚೆನ್ನಾಗಿತ್ತಲ್ವೇನೇ' ಅಂತ ಕೇಳಿದ್ರಿ. ಮಗು ಉಳಿದಿತ್ತು, ನಾನು ಉಳಿದಿದ್ದೆ, ನೀವು ನಗ್ತಾ ಇದ್ರಿ. ಇನ್ನೇನು ಹೇಳ್ಲಿ?"

"ನನ್ನ ಮನೇಲಿ ಸುಳ್ಳು ಹೇಳ್ಕೊಂಡು ಮೂರು ವರ್ಷ ಉಂಡ್ಯಲ್ಲೇ!" ಅತ್ತೆ ಕೈ ತೊಳೆಯದೆಯೇ ಎದ್ದು ಒಳಗೆ ಹೋದಳು. ಬಾಗಿಲು ದಢಾರನೆ ಮುಚ್ಚಿಕೊಂಡಿತು.

"ನೋಡಿದ್ರಾ?" ಪ್ರಶ್ನೆಪತ್ರಿಕೆಯ ಕಣ್ಣು ತುಂಬಿತ್ತು. "ನಾನು ಹೋಗಲ್ಲ ಅಂದದ್ದು ಸರಿಯೇ ಆಯ್ತು."

"ಸರಿ ಅಲ್ಲ" ಎಂದಳು ಟೈಲರಮ್ಮ. "ಹುಟ್ಟೋವಾಗ ಪುಟ್ಟಿ ಕೊರಳಿಗೆ ಹೊಕ್ಕುಳ ಬಳ್ಳಿ ಎರಡು ಸುತ್ತು ಸುತ್ತಿತ್ತು. ಮುಖ ನೀಲಿ. ನನಗೆ ಏಟು ಕೊಟ್ಟ ಕೈಯೇ ಅದನ್ನ ಬಿಡಿಸಿದ್ದು. ಒಂದು ಚಿಟಿಕೆ ಹೊಡೆಯೋಷ್ಟು ತಡ ಆಗಿದ್ರೂ ಇವತ್ತು ಬೇಳೆಗೆ ಕಣ್ಣಿದೆ ಅನ್ನೋಕೆ ಯಾರೂ ಇರ್ತಿರಲಿಲ್ಲ. ಅದೂ ನಿಜ, ಇದೂ ನಿಜ. ನೀನು ಅಲ್ಲಿಗೇ ಹೋಗ್ಬೇಕು." ತಟ್ಟೆಯಲ್ಲಿ ಉಳಿದ ಅನ್ನವನ್ನು ಒಂದುಗೂಡಿಸಿದಳು. "ನಾಳೆ ನನ್ನ ಹೆಸರು ಬರೆಸು."

ಬುಧವಾರ ಇಬ್ಬರೂ ಜೊತೆಯಾಗಿ ಹೋದರು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಟೈಲರಮ್ಮ ಕಂಬಿ ಹಿಡಿದು ನಿಂತುಬಿಟ್ಟಳು. ಪ್ರಶ್ನೆಪತ್ರಿಕೆ ಅದನ್ನು ಕಂಡೂ ಕಾಣದವಳಂತೆ ತೋಳು ಹಿಡಿದು, "ನಿಧಾನ ಅಕ್ಕ, ಬಸುರಿ ನಾನು, ನೀವಲ್ಲ" ಎಂದಳು. ಟೈಲರಮ್ಮನಿಗೆ ನಗು ಬಂತು. ನಗುತ್ತಲೇ ಮೆಟ್ಟಿಲು ಮುಗಿಯಿತು. ಒಳಗೆ ಡಾಕ್ಟರಮ್ಮನಿಗೆ ಪ್ರಶ್ನೆಪತ್ರಿಕೆ ಹದಿನಾಲ್ಕು ಪ್ರಶ್ನೆ ಕೇಳಿದಳು. ನೋವು ಬಂದಾಗ ಓಡಾಡಬಹುದಾ, ನೀರು ಕುಡಿಯಬಹುದಾ, ಯಾವ ಹೊತ್ತಿಗೆ ಹೊರಡಬೇಕು, ರಕ್ತ ಹೆಚ್ಚಾಗಲು ಏನು ತಿನ್ನಬೇಕು. ಡಾಕ್ಟರಮ್ಮ ಹನ್ನೊಂದಕ್ಕೆ ಉತ್ತರ ಹೇಳಿ, ಉಳಿದ ಮೂರಕ್ಕೆ, "ಅದು ಹೆರಿಗೆ ಶುರುವಾದ್ಮೇಲೇ ಗೊತ್ತಾಗೋದು" ಎಂದರು.

ಮನೆಯಲ್ಲಿ ಮುಂದಿನ ಆರು ವಾರ ಸೊಪ್ಪು, ಮೊಟ್ಟೆ, ಬೆಲ್ಲದ್ದೇ ಕಾರುಬಾರು. ಪ್ರಶ್ನೆಪತ್ರಿಕೆ ಕಬ್ಬಿಣದ ಮಾತ್ರೆ ನುಂಗುವುದನ್ನು ಟೈಲರಮ್ಮ ಎದುರಿಗೇ ನಿಂತು ನೋಡುತ್ತಿದ್ದಳು. ಮಾವನೂ ಮಗನೂ ಸೇರಿ ಮೆಷಿನ್ನನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದರು. ತೊಟ್ಟಿಲಿಗೂ ಜಾಗವಾಯಿತು, ಮೆಷಿನ್ನಿಗೂ ಬೆಳಕುಳಿಯಿತು. "ಇಷ್ಟು ಸಣ್ಣ ಜಾಗದಲ್ಲಿ ನಾನು ಲಾರೀನೇ ತಿರುಗಿಸಿದೀನಿ. ಮೊದಲೇ ಕೇಳಿದ್ರೆ ಇಪ್ಪತ್ತು ದಿನ ಉಳೀತಿತ್ತು" ಎಂದರು ಮಾವ.

ಅತ್ತೆ ಮಾತ್ರ ಬಿಗಿದ ಮುಖ ಸಡಿಲಿಸಲಿಲ್ಲ. ಅಡುಗೆಗೆ ಉಪ್ಪು ಬಂತು, ಆದರೆ ಟೈಲರಮ್ಮನ ಜೊತೆ ಮಾತು ಬರಲಿಲ್ಲ. ಎಣ್ಣೆ ಕಾಯಿಸಿ ಕೊಡುವುದನ್ನೂ ನಿಲ್ಲಿಸಿದಳು. ಒಂದು ದಿನ ಬಟ್ಟೆ ಒಗೆಯುವಾಗ ಪಕ್ಕದ ಮನೆಯವಳ ಹತ್ತಿರ, "ನಮ್ಮ ಮನೇಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತೆ, ನಂಗೊಬ್ಳಿಗೆ ಬಿಟ್ಟು" ಎನ್ನುವುದು ಟೈಲರಮ್ಮನ ಕಿವಿಗೆ ಬಿತ್ತು. ಅವಳಿಗೂ ಹೇಳುವುದಿತ್ತು. ಹೇಗೆ ಶುರುಮಾಡಬೇಕೆಂದು ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕಿ ಆರಿಸುತ್ತ ಕೂತಿದ್ದ ಪ್ರಶ್ನೆಪತ್ರಿಕೆ, "ಅಕ್ಕ, ನೆಲ ಒದ್ದೆಯಾಯ್ತು" ಎಂದಳು. ಹೊರಗೆ ಆಟೋ ಬಂದು ನಿಲ್ಲುವಷ್ಟರಲ್ಲಿ ಅತ್ತೆ ಚೀಲ, ಹಳೆ ಬಟ್ಟೆ, ಫ್ಲಾಸ್ಕ್ ಎಲ್ಲವನ್ನೂ ತಂದು ಟೈಲರಮ್ಮನ ಕೈಗೆ ತುರುಕಿದಳು.

ಹೆರಿಗೆ ಕೋಣೆಯ ಬಾಗಿಲಲ್ಲಿ ಆಯಾ ಟೈಲರಮ್ಮನ ತೋಳಿಗೆ ಹಸಿರು ಪಟ್ಟಿಯೊಂದನ್ನು ಪಿನ್ನಿನಿಂದ ಚುಚ್ಚಿ ಒಳಗೆ ಬಿಟ್ಟಳು. ಆರು ಹಾಸಿಗೆ, ಒಂಬತ್ತು ಹೆಂಗಸರು. ಅವರ ನಡುವೆ ಓಡಾಡುತ್ತಿದ್ದ ಸಿಸ್ಟರ್ ಒಬ್ಬಳೇ. ದಪ್ಪ ಕನ್ನಡಕ, ಮೊಣಕೈವರೆಗೆ ಮಡಿಚಿದ ತೋಳು. ಟೈಲರಮ್ಮನಿಗೆ ಗುರುತು ಹತ್ತಲು ಎರಡನೆಯ ಸಲ ನೋಡಬೇಕಾಗಲಿಲ್ಲ. ತನಗೆ ಏಟು ಕೊಟ್ಟ ಕೈ ಅದೇ. ಆದರೆ ಪ್ರಶ್ನೆಪತ್ರಿಕೆಯ ಉಗುರು ಅವಳ ಮುಂಗೈಗೆ ನಾಟಿತ್ತು. ತನ್ನ ಸಂಕಟಕ್ಕೆ ಕೂರಲು ಪುರಸೊತ್ತಿರಲಿಲ್ಲ.

ನೋವು ಬಂದಾಗ ಬೆನ್ನು ಉಜ್ಜಿದಳು. ನಿಂತಾಗ ಗೋಡೆಗುಂಟ ನಡೆಸಿದಳು. ಕೇಳುವ ಮೊದಲೇ ನೀರು ಕೊಟ್ಟಳು. ಪಕ್ಕದ ಹಾಸಿಗೆಯಲ್ಲಿ ಒಬ್ಬಳೇ ಗೋಡೆಗೆ ಮುಖ ಮಾಡಿ ಮಲಗಿದ್ದ ಎಳೆ ಹುಡುಗಿಗೂ ಕೊಟ್ಟಳು. ನಡುವೆ ಒಮ್ಮೆ ಪ್ರಶ್ನೆಪತ್ರಿಕೆ ಚಾವಣಿ ಹಾರುವಂತೆ ಕಿರುಚಿದಾಗ ಆಯಾ, "ಏಯ್, ಬಾಯಿ ಮುಚ್ಚು" ಎಂದಳು.

"ಕಿರುಚ್ಲಿ ಬಿಡಿ" ಎಂದಳು ಟೈಲರಮ್ಮ. "ಅವಳ ನೋವು, ಅವಳ ಬಾಯಿ. ನಿಮ್ಮ ಕೆಲಸಕ್ಕೇನೂ ಅಡ್ಡಿ ಇಲ್ಲವಲ್ಲ."

ಸಿಸ್ಟರ್ ಆಚೆ ಹಾಸಿಗೆಯಿಂದ ತಲೆಯೆತ್ತಿ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಬಂದು, ಕೈ ತೊಳೆದು ಪರೀಕ್ಷಿಸಿ, "ಇನ್ನೊಂದು ಗಂಟೆ. ಹೀಗೇ ಬೆನ್ನು ಉಜ್ತಾ ಇರು, ಚೆನ್ನಾಗಿ ಮಾಡ್ತಿದೀಯ" ಎಂದು ಹೋದಳು.

ಮಧ್ಯಾಹ್ನ ಎರಡೂವರೆಗೆ ಹೆಣ್ಣು ಮಗು ಹುಟ್ಟಿತು. ಅಮ್ಮನಂತೆಯೇ ಬಂದದ್ದೇ ತಡ ಏನನ್ನೋ ಕೇಳುವಂತೆ ಅರಚಿತು. ಟೈಲರಮ್ಮ ಇನ್ನೂ ನಗುತ್ತಿರುವಾಗಲೇ ಸಿಸ್ಟರಿನ ಮುಖ ಬದಲಾಯಿತು. ಹಾಸಿಗೆಯ ಮೇಲಿನ ಹಾಳೆ ಕೆಂಪಾಗುತ್ತಲೇ ಇತ್ತು.

"ಡಾಕ್ಟರಮ್ಮನ್ನ ಕರಿ" ಎಂದಳು ಸಿಸ್ಟರ್ ಆಯಾಗೆ. ದನಿ ಏರಲಿಲ್ಲ. ಒಂದು ಕೈ ಹೊಟ್ಟೆಯನ್ನು ಒತ್ತಿ ತಿಕ್ಕುತ್ತಿತ್ತು, ಇನ್ನೊಂದು ಕೈ ಟ್ರೇಯಲ್ಲಿ ಸಿದ್ಧವಿದ್ದ ಇಂಜೆಕ್ಷನ್ ಎತ್ತಿ ತೊಡೆಗೆ ಚುಚ್ಚಿತು. ಡ್ರಿಪ್ ಏರಿತು. "ಹೆಸರು ಹಿಡಿದು ಮಾತಾಡಿಸ್ತಾ ಇರು, ನಿದ್ದೆ ಹೋಗೋಕೆ ಬಿಡಬೇಡ" ಎಂದು ಟೈಲರಮ್ಮನಿಗೆ ಹೇಳಿತು ಅದೇ ಏರದ ದನಿ.

"ಏನಾದ್ರೂ ಕೇಳೇ" ಎಂದಳು ಟೈಲರಮ್ಮ, ಪ್ರಶ್ನೆಪತ್ರಿಕೆಯ ಬಿಳಚಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದು. "ಇಷ್ಟು ದಿನ ಕೇಳ್ದೆಯಲ್ಲ, ಈಗ ಕೇಳು."

"ಮಗು... ಯಾರ ಥರ ಇದೆ?"

"ಮಾವನ ಥರ. ಮೀಸೆ ಒಂದಿಲ್ಲ ಅಷ್ಟೆ. ಇನ್ನೊಂದು ಕೇಳು."

ಡಾಕ್ಟರಮ್ಮ ಓಡಿ ಬರುವಷ್ಟರಲ್ಲಿ ರಕ್ತ ಹಿಡಿತಕ್ಕೆ ಬಂದಿತ್ತು. ಟೈಲರಮ್ಮ ಅಷ್ಟೂ ಹೊತ್ತು ಸಿಸ್ಟರಿನ ಆ ಎರಡು ಕೈಗಳನ್ನು ನೋಡುತ್ತಲೇ ಇದ್ದಳು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈಯಂತೆ, ಒಂದು ಬೆರಳೂ ವೃಥಾ ಆಡದ ಕೈಗಳು. ತಿರುವಿನ ಮನೆಯ ಅಜ್ಜಿಯ ನೆನಪಾಗಿ ಅವಳ ಮೈ ಜುಮ್ಮೆಂದಿತು.

ಆಮೇಲೆ ಸಿಸ್ಟರ್ ಸೂಜಿ ಎತ್ತಿಕೊಂಡಳು. ಟೈಲರಮ್ಮ ಕೈ ಅಡ್ಡ ಹಿಡಿದಳು.

"ಸಿಸ್ಟರ್, ಮೊದಲು ಮರಗಟ್ಟೋ ಇಂಜೆಕ್ಷನ್ ಕೊಡಿ."

"ಕೊಡ್ದೇ ಹೊಲೀತೀನಾ? ನಾನೇನು ಕಟುಕಳಾ?" ಎಂದಳು ಸಿಸ್ಟರ್. ಇಂಜೆಕ್ಷನ್ ಕೊಟ್ಟು, ಕಾದು, ಬೆರಳಿನಿಂದ ಮುಟ್ಟಿ, "ಗೊತ್ತಾಗ್ತಿದೆಯಾ?" ಎಂದು ಪ್ರಶ್ನೆಪತ್ರಿಕೆಯನ್ನು ಕೇಳಿಯೇ ಶುರುಮಾಡಿದಳು. ಟೈಲರಮ್ಮನ ತುಟಿ ಅಲುಗುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಸಿಸ್ಟರ್ ದಾರ ಕತ್ತರಿಸಿ, ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿದಳು.

ಹೊರಡುವ ದಿನ ಪಟ್ಟಿ ಹಿಡಿದ ಹುಡುಗಿಯೊಬ್ಬಳು ಬಂದು ಹಾಸಿಗೆಯ ಪಕ್ಕ ಕೂತಳು. ಆರೈಕೆ ತೃಪ್ತಿಯಾಯಿತಾ ಎಂದು ಕೇಳಿದ್ದೇ ತಡ, ಪ್ರಶ್ನೆಪತ್ರಿಕೆ ಅರ್ಧ ಗಂಟೆ ಮಾತಾಡಿದಳು. ಸಿಸ್ಟರ್ ಜೀವ ಉಳಿಸಿದ್ದು, ಆಯಾ ಬಾಯಿ ಮುಚ್ಚು ಅಂದದ್ದು, ಶೌಚಾಲಯಕ್ಕೆ ಚಿಲಕ ಇಲ್ಲದ್ದು, ಅಕ್ಕ ಪಕ್ಕದಲ್ಲಿದ್ದದ್ದು, ಒಂಬತ್ತು ಹೆಂಗಸರಿಗೆ ಒಬ್ಬಳೇ ಸಿಸ್ಟರ್ ಯಾಕೆ ಎಂಬುದು. ಹುಡುಗಿ ಹಾಳೆ ತಿರುಗಿಸಿ ಹಿಂದುಗಡೆಯೂ ಬರೆದಳು. ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಮಾವ, "ಪ್ರಶ್ನೆಪತ್ರಿಕೆ ಕೊನೆಗೂ ಉತ್ತರ ಬರೆಯೋ ಕಾಲ ಬಂತು" ಎಂದರು.

ಎಲ್ಲರೂ ಆಟೋ ಹತ್ತಲು ಹೊರಟಾಗ ಟೈಲರಮ್ಮ, "ಒಂದು ನಿಮಿಷ ಬಂದೆ" ಎಂದು ಹಿಂದಕ್ಕೆ ಹೋದಳು.

ಸಿಸ್ಟರ್ ಸಣ್ಣ ತಪಾಸಣೆ ಕೋಣೆಯಲ್ಲಿ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದಳು.

"ಸಿಸ್ಟರ್, ಅವಳನ್ನ ಉಳಿಸಿದ್ರಿ. ಅದನ್ನ ನಾವು ಮರೆಯಲ್ಲ." ಟೈಲರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮೂರು ವರ್ಷದ ಹಿಂದೆ, ಆ ಮೂಲೆ ಹಾಸಿಗೆಯಲ್ಲಿ ನನಗೆ ಏಳು ಹೊಲಿಗೆ ಹಾಕಿದ್ರಿ. ಮರಗಟ್ಟಿಸದೆ. ಹೊಡೆದೂ ಇದ್ರಿ."

ಸಿಸ್ಟರ್ ಬಿಸ್ಕತ್ತು ಕೈಯಲ್ಲೇ ಹಿಡಿದು ಅವಳ ಮುಖವನ್ನು ಹುಡುಕಿದಳು. "ನನಗೆ ನೆನಪಿಲ್ಲಮ್ಮ."

"ನಂಗಿದೆ. ಅದನ್ನೇ ಹೇಳೋಣ ಅಂತ ಬಂದೆ."

ನೆನೆದ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಸಿಸ್ಟರ್ ಲೋಟ ಪಕ್ಕಕ್ಕಿಟ್ಟಳು.

"ಆ ವರ್ಷ ಎರಡು ಮೂರು ವಾರ ಮರಗಟ್ಟೋ ಔಷಧಿ ಬಂದಿರಲಿಲ್ಲ" ಎಂದಳು ನಿಧಾನವಾಗಿ. "ಇಲ್ಲ ಅಂತ ಹೇಳಿದ್ರೆ ನೀವೆಲ್ಲ ಹೆದರ್ತೀರ ಅಂತ ಸುಮ್ನೆ ಹೊಲೀತಿದ್ವಿ. ಹೇಳಿ ಮಾಡ್ಬೇಕಿತ್ತು. ಹೊಡೆದದ್ದಕ್ಕೆ..." ಅವಳು ಕನ್ನಡಕ ತೆಗೆದು ಒರೆಸಿದಳು. "ಅದಕ್ಕೆ ಯಾವ ನೆಪಾನೂ ಇಲ್ಲ. ತಪ್ಪಾಯ್ತು."

ಟೈಲರಮ್ಮ ಜಗಳಕ್ಕೆ ಸಿದ್ಧವಾಗಿ ಬಂದಿದ್ದಳು. ಇಷ್ಟು ಬೇಗ ಎದುರಾಳಿಯೇ ಇಲ್ಲದಂತಾಗಿ ಏನು ಮಾಡಬೇಕೋ ತಿಳಿಯಲಿಲ್ಲ.

"ಈಗ್ಲೂ ನೋವಿದೆಯಾ?" ಎಂದಳು ಸಿಸ್ಟರ್.

ಮೂರು ವರ್ಷದಲ್ಲಿ ಯಾರೂ ಕೇಳದ ಮಾತು. ಟೈಲರಮ್ಮ ಹೌದೆಂದು ತಲೆಯಾಡಿಸಿದಳು.

"ಒಂದೊಂದು ಸಲ ಒಳಗೆ ಗಂಟು ಉಳಿದಿರುತ್ತೆ. ಸರಿ ಮಾಡ್ಬಹುದು. ನೋಡ್ಲಾ? ನೀನು ಬೇಡ ಅಂದ್ರೆ ಬೇಡ."

ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಟೈಲರಮ್ಮ ಬಾಗಿಲ ಚೌಕಟ್ಟಿನಿಂದ ಕೈ ತೆಗೆದಳು. ಆಮೇಲೆ ಚಪ್ಪಲಿ ಬಿಟ್ಟು ತಪಾಸಣೆಯ ಮೇಜಿನ ಮೇಲೆ ಹತ್ತಿದಳು. ಸಿಸ್ಟರ್ ಪರದೆ ಎಳೆದು ನಲ್ಲಿ ತಿರುಗಿಸಿದಳು. "ಕೈ ತಣ್ಣಗಿದೆ. ಪ್ರತಿ ಸಲ ಹೇಳಿಯೇ ಮುಟ್ತೀನಿ. ಸಾಕು ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ."

ಅಷ್ಟರಲ್ಲಿ ಇನ್ನೂರು ಜನರಿಗೆ ಕೇಳುವ ದನಿ ಪಡಸಾಲೆಯಲ್ಲಿ ಮೊಳಗಿತು. "ಎಲ್ಲಿ ಹೋದ್ಲು ಇವಳು? ಬಾಣಂತಿ ಬಿಸಿಲಲ್ಲಿ ಕೂತಿದಾಳೆ!"

"ಒಳಗೆ ಅವರನ್ನ ಪರೀಕ್ಷೆ ಮಾಡ್ತಿದಾರೆ" ಎಂದಳು ಆಯಾ. "ನೀವು ಹೋಗೋ ಹಾಗಿಲ್ಲ. ಒಳಗಿರೋರು ಕರೆದ್ರೆ ಮಾತ್ರ."

"ಯಾರನ್ನ ಪರೀಕ್ಷೆ? ಅವಳಿಗೇನಾಗಿದೆ?" ದನಿ ಇದ್ದಕ್ಕಿದ್ದಂತೆ ಇಳಿಯಿತು. "ಅದೇನಾ? ಆ ಹೊಲಿಗೆನಾ?" ಆಯಾ ಬಾಗಿಲಿಗೆ ಅಡ್ಡ ನಿಂತಳು. "ಹಾಗಾದ್ರೆ ನಾನು ಇಲ್ಲೇ ನಿಂತಿರ್ತೀನಿ. ನನ್ನನ್ನ ಯಾರು ಕರೀತಾರೆ?"

ಪರದೆಯ ಈಚೆ ಟೈಲರಮ್ಮ ಚಾವಣಿ ನೋಡುತ್ತ ಮಲಗಿದ್ದಳು.

"ಅತ್ತೇನ ಒಳಗೆ ಬಿಡಿ" ಎಂದಳು.

ಅತ್ತೆ ಬಂದಳು. ಕೈಯಲ್ಲಿ ಚೀಲ, ಕಂಕುಳಲ್ಲಿ ಛತ್ರಿ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಾಲ ಹತ್ತಿರ ಹೋದವಳನ್ನು ಸಿಸ್ಟರ್ ತಲೆಯ ಕಡೆ ಕಳಿಸಿದಳು. ಅತ್ತೆ ಚೀಲ ಕೆಳಗಿಟ್ಟು ಸೊಸೆಯ ಕೈಯನ್ನು ತನ್ನ ಒರಟು ಕೈಯೊಳಗೆ ತೆಗೆದುಕೊಂಡಳು.

"ನಿಧಾನ ಸಿಸ್ಟರ್" ಎಂದಳು. "ಇವಳನ್ನ ನಂಬಬೇಡಿ. ಪ್ರಾಣ ಹೋಗ್ತಿದ್ರೂ ಚೆನ್ನಾಗಿದೆ ಅಂತಾಳೆ."

"ಇಲ್ಲ ಅತ್ತೆ" ಎಂದಳು ಟೈಲರಮ್ಮ.

"ಈಗ ಮುಟ್ತೀನಿ" ಎಂದಳು ಸಿಸ್ಟರ್. "ಇಲ್ಲಿ?"

"ಅಲ್ಲಲ್ಲ. ಸ್ವಲ್ಪ ಎಡಕ್ಕೆ." ಅತ್ತೆಯ ಕೈ ಬಿಗಿಯಾಯಿತು. ಟೈಲರಮ್ಮ ಗಟ್ಟಿಯಾಗಿ, ಪಡಸಾಲೆಗೂ ಕೇಳುವ ಹಾಗೆ ಹೇಳಿದಳು: "ಹಾಂ, ಇಲ್ಲಿ. ಇಲ್ಲೇ ನೋವು."